ಜೋಡಿ ಹತ್ತು, ರೀರೈಸ್ ಆದ ಪಾಟ್: ತಪ್ಪಿದ್ದು ಫ್ಲಾಪ್‌ನಲ್ಲಲ್ಲ

ನೀವು ಪೋಸ್ಟ್ ಮಾಡಿದ ಪೋಕರ್ ಕೈಯನ್ನು, ಅಂದರೆ ಆ ಒಂದು ಸುತ್ತಿನ ಆಟವನ್ನು, ಎರಡು ಸಲ ಓದಿದೆ. ಮೊದಲಿನ ಪೋಸ್ಟ್ ನೋಡದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಲಾಸ್ ವೇಗಸ್‌ನಲ್ಲಿ 1-3 ಡಾಲರ್ ಮೇಜು (ಪ್ರತಿ ಸುತ್ತಿಗೂ ಇಬ್ಬರು 1 ಮತ್ತು 3 ಡಾಲರ್ ಕಡ್ಡಾಯವಾಗಿ ಹಾಕಬೇಕು), ಆಡಿದ ಇಬ್ಬರ ಮುಂದೆಯೂ 300 ಡಾಲರ್. ಪೋಸ್ಟ್ ಹಾಕಿದವರಿಗೆ ಜೋಡಿ ಹತ್ತು ಬಂದಿದೆ. ನಡುವಿನ ಸೀಟಿನಿಂದ 15 ಹಾಕಿದ್ದಾರೆ. ಬಟನ್‌ನಲ್ಲಿದ್ದ, ಅಂದರೆ ಎಲೆ ಬಿಚ್ಚಿದ ಮೇಲೆ ಕೊನೆಗೆ ಆಡುವ ಸೀಟಿನಲ್ಲಿದ್ದ ಹಿರಿಯರು ಅದನ್ನು 45ಕ್ಕೆ ಏರಿಸಿ ರೀರೈಸ್ ಮಾಡಿದ್ದಾರೆ. ಎರಡು ಗಂಟೆಯಲ್ಲಿ ಆ ಮನುಷ್ಯ ಮಾಡಿದ ಮೊದಲ ರೀರೈಸ್ ಅದು. ಉಳಿದವರೆಲ್ಲ ಎಲೆ ಬಿಸಾಕಿದರು, ಇವರು ಅಷ್ಟೇ ದುಡ್ಡು ಹಾಕಿ ಕಾಲ್. ಫ್ಲಾಪ್ (ಮೇಜಿನ ಮೇಲೆ ಎಲ್ಲರಿಗೂ ಸೇರಿ ಬಿಚ್ಚುವ ಮೊದಲ ಮೂರು ಎಲೆ) 8-6-2, ಅದರಲ್ಲಿ ಎಂಟು, ಆರು ಎರಡೂ ಆಠೀನು. ಇವರು ಚೆಕ್ (ಬೆಟ್ ಹಾಕದೆ ಸರದಿ ಬಿಟ್ಟರು), ಅವರು 50, ಇವರು ಕಾಲ್. ಟರ್ನ್‌ನಲ್ಲಿ, ಅಂದರೆ ನಾಲ್ಕನೇ ಎಲೆಯಾಗಿ, ಇಸ್ಪೀಟು ಮೂರು. ಚೆಕ್, ಅವರು ಪೂರ್ತಿ 205 ತಳ್ಳಿದರು. ಇವರು ಕಾಲ್ ಮಾಡಿದರು, ಅವರು ಜೋಡಿ ರಾಜ ತೋರಿಸಿದರು.

"ಓವರ್‌ಪೇರ್ ಇಟ್ಟುಕೊಂಡು ಬಿಡೋದು ಹೇಗೆ?" ಅಂತ ಕೇಳಿದ್ದೀರಿ. ಓವರ್‌ಪೇರ್ ಅಂದರೆ ಮೇಜಿನ ಮೇಲಿನ ಎಲ್ಲ ಎಲೆಗಿಂತ ದೊಡ್ಡ ಜೋಡಿ. ನನ್ನ ಪ್ರಕಾರ ಟರ್ನ್‌ನಲ್ಲಿ ಬಿಡಬೇಕಿತ್ತು. ಫ್ಲಾಪ್‌ನಲ್ಲಿ ಮಾಡಿದ್ದು ಸರಿ. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ.

ನಿಮ್ಮನ್ನು ದಾರಿ ತಪ್ಪಿಸಿದ್ದು ಬಹುಶಃ ಆ ಹಳೆಯ ಸೂತ್ರ. ಫ್ಲಾಪ್ ಬಿದ್ದಾಗ ಪಾಟ್‌ನಲ್ಲಿ (ಎಲ್ಲರೂ ಹಾಕಿದ ದುಡ್ಡಿನ ರಾಶಿಯಲ್ಲಿ) 94, ನಿಮ್ಮ ಹತ್ತಿರ ಉಳಿದದ್ದು 255. ಅಂದರೆ ಪಾಟ್‌ನ ಎರಡೂಮುಕ್ಕಾಲು ಪಟ್ಟಿನಷ್ಟು. ಮೂರು ಪಟ್ಟಿಗಿಂತ ಕಡಿಮೆ ಇದ್ದರೆ ಓವರ್‌ಪೇರ್ ಕೈಬಿಡಬೇಡ ಅಂತ ಎಲ್ಲರೂ ಹೇಳುತ್ತಾರೆ. ಜೋಡಿ ಎಕ್ಕಕ್ಕೆ ಅದು ಸರಿ. ಆದರೆ ಜೋಡಿ ಎಕ್ಕ, ಜೋಡಿ ಹತ್ತು ಎರಡನ್ನೂ ಓವರ್‌ಪೇರ್ ಅಂತ ಒಂದೇ ಹೆಸರಲ್ಲಿ ಕರೆಯುವುದರಿಂದಲೇ ಎಡವಟ್ಟಾಗುವುದು. ಎದುರಿನವರ ಜೋಡಿ ರಾಜವನ್ನು ಎಕ್ಕ ಹೊಡೆಯುತ್ತದೆ. ನಿಮ್ಮ ಹತ್ತು ಹೊಡೆಯುವುದು ಅವರ ಖಾಲಿ ಎಕ್ಕ-ರಾಜವನ್ನು ಮಾತ್ರ. ಹಾಗಾಗಿ ನಿಮ್ಮ ಜೋಡಿ ಎಷ್ಟು ಚೆಂದ ಅನ್ನುವುದು ಪ್ರಶ್ನೆ ಅಲ್ಲ. ಅವರು ಎಕ್ಕ-ರಾಜ ಹಿಡಿದು ಎಷ್ಟು ಸಲ ದುಡ್ಡು ತಳ್ಳುತ್ತಾರೆ ಅನ್ನುವುದೇ ಪ್ರಶ್ನೆ.

ಎಣಿಸೋಣ. ಎರಡು ಗಂಟೆಗೊಮ್ಮೆ ರೀರೈಸ್ ಮಾಡುವ ಮನುಷ್ಯನ ಹತ್ತಿರ ಏನಿರುತ್ತದೆ? ಜೋಡಿ ರಾಣಿ, ಜೋಡಿ ರಾಜ, ಜೋಡಿ ಎಕ್ಕ, ಜೊತೆಗೆ ಎಕ್ಕ-ರಾಜ. ಒಂದೊಂದು ಜೋಡಿಯೂ 6 ರೀತಿ ಬರಬಹುದು, ಒಟ್ಟು 18. ಎಕ್ಕ-ರಾಜ 16 ರೀತಿ. ಎಲ್ಲ ಸೇರಿ 34 ಕೈ.

ಫ್ಲಾಪ್‌ನಲ್ಲಿ ದೊಡ್ಡ ಜೋಡಿಯ ಎದುರು ನಿಮಗೆ ಉಳಿದಿರುವುದು ಎರಡೇ ಎಲೆ, ಇನ್ನೆರಡು ಹತ್ತು. ಮುಂದಿನ ಎರಡು ಬೀದಿ (ಟರ್ನ್ ಮತ್ತು ಕೊನೆಯ ಎಲೆ) ಸೇರಿಸಿದರೂ ನೂರಕ್ಕೆ 9ರಷ್ಟು ಸಲ ಬರುತ್ತದೆ. ಎಕ್ಕ-ರಾಜದ ಎದುರು ಸುಮಾರು 75 ಸಲ ನೀವೇ ಗೆಲ್ಲುತ್ತೀರಿ. ಎರಡನ್ನೂ ಕೂಡಿಸಿ ಭಾಗಿಸಿದರೆ ನಿಮ್ಮ ಪಾಲು ಹತ್ತಿರ ಹತ್ತಿರ 40. ನೀವು 50 ಕೊಟ್ಟು 194ರ ಪಾಟ್‌ಗೆ ಆಡಿದಿರಿ, ನಷ್ಟವಾಗದಿರಲು ಬೇಕಾಗಿದ್ದದ್ದು ನೂರಕ್ಕೆ 26. ಮುಂದೆ ಇನ್ನೂ ಬೆಟ್ ಬರುತ್ತದೆ ಅನ್ನುವುದಕ್ಕೆ ಸ್ವಲ್ಪ ಕಳೆದರೂ ಕಾಲ್ ಸರಿ. ಇಷ್ಟು ಗಟ್ಟಿ ಮನುಷ್ಯನ ಎದುರೂ ಸರಿ.

ಟರ್ನ್‌ನಲ್ಲಿ ಕಥೆ ಬೇರೆ. ಈಗ 205 ಕೊಟ್ಟರೆ ಒಟ್ಟು ಪಾಟ್ 604. ನೂರಕ್ಕೆ 34 ಸಲ ಗೆಲ್ಲಬೇಕು. ದೊಡ್ಡ ಜೋಡಿಯ ಎದುರು ನಿಮ್ಮ ಪಾಲು 5ಕ್ಕೂ ಕಡಿಮೆ, ಎಕ್ಕ-ರಾಜದ ಎದುರು 86ರಷ್ಟು. ಅವರು 16 ಎಕ್ಕ-ರಾಜವನ್ನೂ ಹೀಗೆ ತಳ್ಳುತ್ತಾರೆ ಅಂದರೆ ನಿಮಗೆ 43 ಬರುತ್ತದೆ, ಕಣ್ಣುಮುಚ್ಚಿ ಕಾಲ್ ಮಾಡಿ. ಆದರೆ ಅಸಲು ಹುಟ್ಟಬೇಕಾದರೇ 16ರಲ್ಲಿ 10 ಸಲ ತಳ್ಳಬೇಕು! ಅವರು ಜೋಡಿ ಗುಲಾಮದಲ್ಲೂ ರೀರೈಸ್ ಮಾಡುವವರಾದರೆ ಇನ್ನೂ ಕಷ್ಟ. ಆಗ 16ರಲ್ಲಿ 13-14 ಸಲ ಬೇಕು.

ಈಗ ಹೇಳಿ, ಎರಡು ಗಂಟೆ ಸುಮ್ನೆ ಕೂತು ಕಾಫಿ ಕುಡಿದವರು, ಏನೂ ತಾಗದ ಎಕ್ಕ-ರಾಜ ಹಿಡಿದು 205 ಡಾಲರ್ ತಳ್ಳುತ್ತಾರಾ? ಫ್ಲಾಪ್‌ನಲ್ಲಿ ಒಂದು ಬೆಟ್ ಹಾಕುತ್ತಾರೆ, ಅದು ಅಭ್ಯಾಸ. ನೀವು ಕಾಲ್ ಮಾಡಿದ ಮೇಲೆ ಟರ್ನ್‌ನಲ್ಲಿ ಚೆಕ್ ಮಾಡಿ ಪುಕ್ಕಟೆ ಎಲೆ ನೋಡುತ್ತಾರೆ. ಒಂದು ಕಾಲದಲ್ಲಿ ನಾನು ಇಂಥ ಕೈಗಳನ್ನೆಲ್ಲ ಫೋನ್‌ನಲ್ಲಿ ಬರೆದಿಡುತ್ತಿದ್ದೆ. ಸಣ್ಣ ಮೇಜುಗಳಲ್ಲಿ ಟರ್ನ್‌ಗೆ ಪೂರ್ತಿ ತಳ್ಳಿದ ಮೇಲೆ ಖಾಲಿ ಎಕ್ಕ-ರಾಜ ತೋರಿಸಿದವರು ಬೆರಳೆಣಿಕೆ. ಅವರಲ್ಲೂ ಒಂದಿಬ್ಬರಿಗೆ ಫ್ಲಶ್ ಡ್ರಾ (ಒಂದೇ ಚಿಹ್ನೆಯ ಐದು ಎಲೆಗೆ ಒಂದೇ ಬಾಕಿ) ಇತ್ತು. ಜೋಡಿ ಒಂಬತ್ತು ಹಿಡಿದು ನಿಮ್ಮ ಹಾಗೇ ಕಾಲ್ ಮಾಡಿ, ಮೂರು ವಾರಾಂತ್ಯದ ಬೈ-ಇನ್ (ಮೇಜಿಗೆ ತಂದ ದುಡ್ಡು) ಕಳೆದುಕೊಂಡ ಮೇಲೆ ಶುರುವಾದ ಅಭ್ಯಾಸ ಅದು. ಮನೆಯಲ್ಲಿ ಇನ್ನೂ ಆಡಿಕೊಳ್ಳುತ್ತಾರೆ.

ಎದುರಿನವರು ಬದಲಾದರೆ ಉತ್ತರವೂ ಬದಲಾಗುತ್ತದೆ. ಬಟನ್‌ನಿಂದ ಹತ್ತು ನಿಮಿಷಕ್ಕೊಮ್ಮೆ ರೀರೈಸ್ ಮಾಡುವ ಹುಡುಗನಾಗಿದ್ದರೆ ನಾನೂ 205 ಹಾಕುತ್ತಿದ್ದೆ. ಅವನ ಹತ್ತಿರ ಎಕ್ಕ-ಐದು ಆಠೀನು, ರಾಜ-ರಾಣಿ ಆಠೀನು, ಜೋಡಿ ಒಂಬತ್ತು, ಜೋಡಿ ಏಳು ಎಲ್ಲ ಇರುತ್ತವೆ. ದೊಡ್ಡ ಜೋಡಿ ಆ ಗುಂಪಿನಲ್ಲಿ ಸಣ್ಣ ಪಾಲು. ಅದೇ ಎಲೆ, ಅದೇ ದುಡ್ಡು, ತೀರ್ಮಾನ ಮಾತ್ರ ಉಲ್ಟಾ.

ಕೆಳಗೆ ಒಬ್ಬರು "ಫ್ಲಾಪ್‌ನಲ್ಲೇ ಚೆಕ್-ರೈಸ್ ಮಾಡಿ ಪೂರ್ತಿ ತಳ್ಳಬೇಕಿತ್ತು" ಅಂದಿದ್ದಾರೆ, ಅಂದರೆ ಮೊದಲು ಚೆಕ್ ಮಾಡಿ, ಅವರು ಬೆಟ್ ಹಾಕಿದ ಮೇಲೆ ಏರಿಸಬೇಕಿತ್ತು ಅಂತ. ನನಗೆ ಒಪ್ಪಿಗೆ ಇಲ್ಲ. ತಳ್ಳಿದರೆ ಎಕ್ಕ-ರಾಜ ಓಡಿಹೋಗುತ್ತದೆ, ದೊಡ್ಡ ಜೋಡಿ ಖುಷಿಯಿಂದ ಕಾಲ್ ಮಾಡುತ್ತದೆ. ಎಕ್ಕ-ರಾಜದ ಆರು ಎಲೆಗೆ ಅವಕಾಶ ಕೊಡಲಿಲ್ಲ ಅನ್ನುವ ಲಾಭ ಇದೆ, ಇಲ್ಲ ಅನ್ನಲ್ಲ. ಆದರೆ ಈ ಹಿರಿಯರ ಎದುರು ಅದು 255 ಡಾಲರ್ ಬಾಳುವ ಲಾಭ ಅಲ್ಲ.

ಫ್ಲಾಪ್‌ಗೆ ಮುಂಚೆ ಬಿಡಬಹುದಿತ್ತಾ ಅಂತಲೂ ಕೇಳಿದ್ದೀರಿ. ಬಿಡಬಹುದಿತ್ತು, ಅವಮಾನವೇನಲ್ಲ. 30 ಕೊಟ್ಟು 94ಕ್ಕೆ ಆಡಲು 32 ಬೇಕು. ಆ 34 ಕೈಗಳ ಎದುರು ಜೋಡಿ ಹತ್ತಿಗೆ 36ರಷ್ಟಿದೆ. ಕಾಗದದ ಮೇಲೆ ಲಾಭ. ಆದರೆ ಪ್ರತಿ ಬೀದಿಯಲ್ಲೂ ನೀವೇ ಮೊದಲು ಆಡಬೇಕಾದ್ದರಿಂದ ಆ 36 ಪೂರ್ತಿ ಕೈಗೆ ಸಿಗುವುದಿಲ್ಲ. "ಮೂರು ಹತ್ತು ಆಗಲಿ ಅಂತ ಕಾಲ್ ಮಾಡಿದೆ" ಅನ್ನುವ ಕಾರಣವಂತೂ ಬೇಡ. ಫ್ಲಾಪ್‌ನಲ್ಲಿ ಇನ್ನೊಂದು ಹತ್ತು ಬೀಳುವುದು ಎಂಟೂವರೆ ಸಲಕ್ಕೆ ಒಮ್ಮೆ. 30 ಹಾಕಿದಾಗ ಹಿಂದೆ ಉಳಿದದ್ದು ಅದರ ಎಂಟೂವರೆ ಪಟ್ಟು. ಆಗಲೇ ಪಾಟ್‌ನಲ್ಲಿದ್ದ 64 ಸೇರಿಸಿಕೊಂಡರೂ, ಸೆಟ್ (ಮೂರು ಹತ್ತು) ಬಂದಾಗಲೆಲ್ಲ ಸರಾಸರಿ ಇನ್ನೂ 160 ಡಾಲರ್‌ನಷ್ಟು ಅವರಿಂದ ಸಿಗಬೇಕು. ಖಾಲಿ ಎಕ್ಕ-ರಾಜ ಅಷ್ಟು ಕೊಡುವುದು ಕಷ್ಟ.

ಇನ್ನೊಂದು ಸಂಖ್ಯೆ ನೆನಪಿಟ್ಟುಕೊಳ್ಳಿ. ಜೋಡಿ ಹತ್ತು ಹಿಡಿದಾಗ ಗುಲಾಮನಿಂದ ಎಕ್ಕದವರೆಗೆ ಒಂದೂ ಇಲ್ಲದ ಫ್ಲಾಪ್ ಬೀಳುವುದು ನೂರಕ್ಕೆ 30 ಸಲ ಮಾತ್ರ. ಜೋಡಿ ಗುಲಾಮಕ್ಕೆ 43, ಜೋಡಿ ಒಂಬತ್ತಿಗೆ ಬರೀ 21. ಅದಕ್ಕೇ 8-6-2 ಕಂಡ ಕೂಡಲೇ ಹಬ್ಬದಂತೆ ಅನಿಸುತ್ತದೆ, ಅಲ್ವಾ? ಆದರೆ ರಾಜ ಹಿಡಿದವರಿಗೂ ಅದೇ ಫ್ಲಾಪ್ ಅಷ್ಟೇ ಹಬ್ಬ.

ನೀವೇ ಬಟನ್‌ನಿಂದ ರೀರೈಸ್ ಮಾಡಿದ್ದರೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಫ್ಲಾಪ್‌ನಲ್ಲಿ 35-40 ಹಾಕಿ. ಕಾಲ್ ಬಂದರೆ ಟರ್ನ್ ನೋಡಿಕೊಂಡು ಚೆಕ್ ಮಾಡುವ ಹಕ್ಕು ನಿಮ್ಮದೇ. ಮುಂದಿನ ಸಲ ಫ್ಲಾಪ್ ಕಾಲ್‌ಗೆ ಚಿಪ್ ಮುಟ್ಟುವ ಮೊದಲು ಟರ್ನ್‌ನಲ್ಲಿ ಅವರು ತಳ್ಳಿದರೆ ಏನು ಮಾಡುತ್ತೀರಿ ಅಂತ ನಿರ್ಧರಿಸಿಬಿಡಿ. 95 ಡಾಲರ್ ಹೋದ ಮೇಲೆ ಯೋಚಿಸಲು ಕೂತರೆ ಕೈ ತಾನಾಗಿ ಕಾಲ್ ಅನ್ನುತ್ತದೆ. ಅಂದಹಾಗೆ, ಆ ಹಿರಿಯರು ಅದಕ್ಕೆ ಮುಂಚೆ ಬೇರೆ ಯಾವುದಾದರೂ ಕೈ ತೋರಿಸಿದ್ದರೆ ಅದನ್ನೂ ಬರೆಯಿರಿ. ಎಕ್ಕ-ರಾಜ ಹೇಗೆ ಆಡುತ್ತಾರೆ ಅಂತ ಒಮ್ಮೆ ಕಂಡಿದ್ದರೂ ನನ್ನ ಲೆಕ್ಕ ಬದಲಾಗಬಹುದು.