ಬೇಟೆಯಾಡಿ, ಗೆಡ್ಡೆಗೆಣಸು ಹೆಕ್ಕಿ ಬದುಕುತ್ತಿದ್ದ ಜನರ ಮಕ್ಕಳ ಕುರುಹನ್ನು ಪುರಾತತ್ವಜ್ಞರು ಹೇಗೆ ಗುರುತಿಸುತ್ತಾರೆ?

ಸಾವಿರಾರು ವರ್ಷ ಹಿಂದೆ ಕಲ್ಲಿನ ಉಪಕರಣ ಮಾಡುವಾಗ ಎದ್ದ ಚಕ್ಕೆ ನೋಡಿ "ಇದು ಮಗುವಿನ ಕೆಲಸ" ಅನ್ನುವುದು ಬರೀ ಊಹೆಯಲ್ಲವೇ ಎಂದು ಕೇಳಿದ್ದೀರಿ. ಒಂದೇ ಚಕ್ಕೆ ನೋಡಿ ಹೇಳಿದರೆ ಖಂಡಿತ ಊಹೆ. ಆದರೆ ಒಂದೇ ಕಲ್ಲಿನ ಗಡ್ಡೆಯಿಂದ ಎದ್ದ ಚಕ್ಕೆಗಳೆಲ್ಲ ಸಿಕ್ಕರೆ ಮಾತು ಬೇರೆ.

ಚಕಮಕಿ ಕಲ್ಲಿನಿಂದ ಚಕ್ಕೆ ಎಬ್ಬಿಸಬೇಕಾದರೆ ಹೊಡೆಯುವ ಅಂಚಿನ ಕೋನ 90 ಡಿಗ್ರಿಗಿಂತ ಕಡಿಮೆ ಇರಬೇಕು, ಏಟು ಅಂಚಿಗೆ ಹತ್ತಿರ ಬೀಳಬೇಕು. ಕಲಿಯುವವರು ಅಂಚಿನಿಂದ ತೀರ ಒಳಗೆ ಹೊಡೆಯುತ್ತಾರೆ, ಇಲ್ಲವೇ ಕೋನ ನೋಡುವುದಿಲ್ಲ. ಆಗ ಚಕ್ಕೆ ಕೊನೆಯವರೆಗೆ ಸೀಳದೆ ಮಧ್ಯದಲ್ಲೇ ಮುರಿದು, ಕಲ್ಲಿನ ಮೈಮೇಲೆ ಸಣ್ಣ ಮೆಟ್ಟಿಲು ಉಳಿಯುತ್ತದೆ. ಪಳಗಿದ ಕೈಯಾದರೆ ಅಲ್ಲಿಗೆ ನಿಲ್ಲಿಸಿ, ಎದುರು ತುದಿಯಿಂದ ಹೊಡೆದು ಆ ಮೆಟ್ಟಿಲನ್ನು ತೆಗೆಯುತ್ತದೆ. ಕಲಿಯುವವರು ಅದೇ ಜಾಗಕ್ಕೆ ಇನ್ನೂ ಜೋರಾಗಿ ಹೊಡೆಯುತ್ತಾರೆ. ಎರಡನೆಯ ಚಕ್ಕೆ ಮೊದಲಿನ ಮೆಟ್ಟಿಲಿಗೇ ಬಂದು ನಿಲ್ಲುತ್ತದೆ, ಮೂರನೆಯದೂ ಅಷ್ಟೇ. ಅಂಚು ಜಜ್ಜಿಹೋಗಿ, ಕಲ್ಲು ಇನ್ನೂ ಸಾಕಷ್ಟಿದ್ದರೂ ಆ ಗಡ್ಡೆ ಕೆಲಸಕ್ಕೆ ಬಾರದಾಗುತ್ತದೆ. ಎಡವಟ್ಟು ಎಲ್ಲರಿಗೂ ಆಗುತ್ತದೆ. ಅದನ್ನು ಸರಿಪಡಿಸಲು ಗೊತ್ತಿತ್ತೇ ಇಲ್ಲವೇ ಎಂಬುದೇ ನಿಜವಾದ ಗುರುತು ಎಂದು ನಾನು ಹೇಳುತ್ತೇನೆ.

ಇದು ಕಾಣಬೇಕಾದರೆ ಚಕ್ಕೆಗಳನ್ನು ಮತ್ತೆ ಒಂದಕ್ಕೊಂದು ಕೂಡಿಸಿ ಮೂಲ ಗಡ್ಡೆಯನ್ನು ಕಟ್ಟಬೇಕು. ಅದಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು, ಪ್ರತಿ ಚೂರು ಎಲ್ಲಿ ಬಿದ್ದಿತ್ತು ಎಂಬ ನಕ್ಷೆಯೂ ಬೇಕು. ಫ್ರಾನ್ಸಿನಲ್ಲಿ ಸೇನ್ ನದಿಯ ದಡದ ಏತಿಯೋಲ್ ಎಂಬ ಹಳೆ ಶಿಲಾಯುಗದ ಬಿಡಾರದಲ್ಲಿ ಪುರಾತತ್ವಜ್ಞೆ ನಿಕೋಲ್ ಪಿಜೋ ಹೀಗೆ ಕೂಡಿಸಿ ನೋಡಿದಾಗ, ಅತ್ಯುತ್ತಮ ಕೆಲಸ ಒಲೆಯ ಪಕ್ಕದಲ್ಲಿ ನಡೆದದ್ದು ಕಂಡಿತು. ಒಲೆಯಿಂದ ದೂರ ಹೋದಂತೆ ಕೈಚಳಕ ಕಡಿಮೆ. ಡೆನ್ಮಾರ್ಕಿನ ಟ್ರೊಲೆಸ್‌ಗೇವ್‌ನಲ್ಲಿ ಆಂಡರ್ಸ್ ಫಿಶರ್ ಅವರಿಗೂ ಬಲ್ಲವರ ಮತ್ತು ಕಲಿಯುವವರ ಕೆಲಸ ಅಕ್ಕಪಕ್ಕದಲ್ಲೇ ಸಿಕ್ಕಿತು.

ಇಲ್ಲಿ ಎಚ್ಚರ ಬೇಕು. ಒಳಗೆ ಬಿರುಕಿದ್ದ ಕೆಟ್ಟ ಕಲ್ಲಾದರೆ ಎಂಥ ಕೈಗೂ ಮೆಟ್ಟಿಲು ಬೀಳುತ್ತದೆ. ಆತುರದಲ್ಲಿ ಹೊಡೆದದ್ದೂ ಹಾಗೇ ಕಾಣುತ್ತದೆ. ಆದ್ದರಿಂದ ಅದೇ ಜಾಗದ ಅದೇ ಬಗೆಯ ಕಲ್ಲನ್ನು ಬೇರೆಯವರು ಹೇಗೆ ಒಡೆದಿದ್ದಾರೆ ಎಂದು ಹೋಲಿಸದೆ ತೀರ್ಮಾನಿಸಬಾರದು. ಅಷ್ಟು ಮಾಡಿದರೂ ಕಲ್ಲು ಹೇಳುವುದು "ಕಲಿಯುತ್ತಿದ್ದವರು" ಎಂದಷ್ಟೇ. ವಯಸ್ಸು ಹೇಳಲು ದೇಹದ ಅಳತೆ ಬೇಕು.

ಆ ಅಳತೆ ಸಿಗುವ ಜಾಗಗಳಿವೆ. ಫ್ರಾನ್ಸಿನ ರೂಫಿನ್ಯಾಕ್ ಗುಹೆಯ ಮೆತ್ತನೆಯ ಛಾವಣಿಯಲ್ಲಿ ಬೆರಳಿನಿಂದ ಎಳೆದ ಗೆರೆಗಳಿವೆ. ಸಂಶೋಧಕರಾದ ಕೆವಿನ್ ಶಾರ್ಪ್ ಮತ್ತು ಲೆಸ್ಲಿ ವ್ಯಾನ್ ಗೆಲ್ಡರ್ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರೂ ಜೊತೆಯಾಗಿ ಎಳೆದ ಪಟ್ಟಿಯ ಅಗಲ ಅಳೆದು, ಇಂದಿನ ಮಕ್ಕಳ ಮತ್ತು ದೊಡ್ಡವರ ಬೆರಳಿನ ಅಳತೆಗೆ ಹೋಲಿಸಿದರು. ಒಂದು ಕೋಣೆಯ ಛಾವಣಿಯ ಗೆರೆಗಳು 2ರಿಂದ 5 ವರ್ಷದ ಮಕ್ಕಳವು. ಆ ಎತ್ತರ ಮಗುವಿನ ಕೈಗೆ ಎಟಕುವುದಿಲ್ಲ. ಯಾರೋ ಎತ್ತಿ ಹಿಡಿದಿದ್ದರು.

ಹೆಜ್ಜೆಗುರುತಾದರೆ ಪಾದದ ಉದ್ದ ಎತ್ತರದ ಸುಮಾರು 15 ಶೇಕಡಾ ಎಂಬುದು ಒರಟು ಲೆಕ್ಕ: 15 ಸೆಂ.ಮೀ. ಪಾದ ಎಂದರೆ ಹೆಚ್ಚುಕಡಿಮೆ ಒಂದು ಮೀಟರ್ ಎತ್ತರದ ಮಗು. ಕೆಸರಲ್ಲಿ ಕಾಲು ಜಾರಿದ್ದರೆ ಗುರುತು ಉದ್ದವಾಗುತ್ತದೆ, ಅಂಥವನ್ನು ಲೆಕ್ಕಕ್ಕೆ ಹಿಡಿಯಬಾರದು. ನಾರ್ಮಂಡಿಯ ಲೆ ರೋಝೆಲ್‌ನಲ್ಲಿ ಸುಮಾರು 80,000 ವರ್ಷ ಹಿಂದಿನ ನಿಯಾಂಡರ್ತಾಲರ (ಈಗ ಅಳಿದುಹೋಗಿರುವ, ನಮಗೆ ಹತ್ತಿರದ ಮಾನವ ಬಳಗ) 257 ಹೆಜ್ಜೆಗುರುತುಗಳನ್ನು ಹೀಗೆ ಅಳೆದಾಗ ಹೆಚ್ಚಿನವು ಮಕ್ಕಳು ಮತ್ತು ಹರೆಯದವರದ್ದಾಗಿದ್ದವು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಜನ ತಿಂದು ಎಸೆದ ಕಡಲಚಿಪ್ಪಿನ ರಾಶಿಗಳ ಪಾಠ. ಆಸ್ಟ್ರೇಲಿಯಾದ ಟಾರೆಸ್ ಜಲಸಂಧಿಯ ಮೆರಿಯಂ ಜನರಲ್ಲಿ ಮಕ್ಕಳೇ ಹೋಗಿ ಕಡಲಚಿಪ್ಪು ಹೆಕ್ಕುತ್ತಾರೆ. ಮಾನವಶಾಸ್ತ್ರಜ್ಞರಾದ ಡಗ್ಲಸ್ ಬರ್ಡ್ ಮತ್ತು ರೆಬೆಕಾ ಬ್ಲೀಜ್ ಬರ್ಡ್ ಈ ಮಕ್ಕಳ ಜೊತೆ ನಡೆದು ಲೆಕ್ಕ ಇಟ್ಟರು. ಮಕ್ಕಳ ನಡಿಗೆ ನಿಧಾನ, ಹಾಗಾಗಿ ದೊಡ್ಡ ಚಿಪ್ಪುಗಳು ಅವರಿಗೆ ಎದುರಾಗುವುದು ಕಡಿಮೆ. ದೊಡ್ಡವರು ಬಿಟ್ಟುಹೋಗುವ ಸಣ್ಣ ಜಾತಿಗಳನ್ನೂ ಅವರು ಹೆಕ್ಕುತ್ತಾರೆ. ಅವರ ಎತ್ತರ, ನಡಿಗೆಗೆ ಅದೇ ಸರಿಯಾದ ಲೆಕ್ಕಾಚಾರ. ಪ್ರಾಚೀನ ರಾಶಿಯಲ್ಲಿ ಸಣ್ಣ ಚಿಪ್ಪು ಹೆಚ್ಚಿದ್ದರೆ "ದೊಡ್ಡವು ಮುಗಿದುಹೋಗಿದ್ದವು, ಕಷ್ಟಕಾಲ" ಎಂದು ಬರೆಯುವ ಮೊದಲು, ಮಕ್ಕಳು ತಮ್ಮ ಊಟ ತಾವೇ ಸಂಪಾದಿಸುತ್ತಿದ್ದರೇ ಎಂದು ಕೇಳಿಕೊಳ್ಳಬೇಕು.

ಮೂಳೆಗಳ ವಿಷಯ ಚುಟುಕಾಗಿ ಹೇಳುತ್ತೇನೆ. ಎಳೆಮೂಳೆ ತೆಳು, ಆಮ್ಲೀಯ ಮಣ್ಣಿನಲ್ಲಿ ಬೇಗ ಕರಗುತ್ತದೆ. ಉಳಿದದ್ದೂ ದೊಡ್ಡ ಕಣ್ಣಿನ ಜರಡಿಯಲ್ಲಿ ಸೋರಿಹೋಗುತ್ತದೆ, ಅಥವಾ ಪ್ರಾಣಿಮೂಳೆಯ ಚೀಲ ಸೇರುತ್ತದೆ. ಮಕ್ಕಳ ಮೂಳೆ ಸಿಗಬೇಕೆಂದರೆ 1–2 ಮಿ.ಮೀ. ಜರಡಿಯಲ್ಲಿ ನೀರು ಹಾಕಿ ಸೋಸಬೇಕು. ಹಲ್ಲು ಸಿಕ್ಕರೆ ಭಾಗ್ಯ: ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಲ್ಲಿ ದಿನದಿನದ ಗೆರೆಗಳಿರುತ್ತವೆ, ಅವುಗಳಲ್ಲಿ ಬೇರಿಯಂ ಎಂಬ ಧಾತುವಿನ ಪ್ರಮಾಣ ತಾಯಿಹಾಲು ಕುಡಿಯುವಾಗ ಏರಿ, ಹಾಲು ಬಿಡಿಸಿದಾಗ ಇಳಿಯುತ್ತದೆ. ಫ್ರಾನ್ಸಿನ ಪೇರ್‌ನಲ್ಲಿ ಸಿಕ್ಕ, ಸುಮಾರು 2,50,000 ವರ್ಷ ಹಿಂದಿನ ನಿಯಾಂಡರ್ತಾಲ್ ಮಗುವೊಂದು ಎರಡೂವರೆ ವರ್ಷ ಹಾಲು ಕುಡಿದಿತ್ತು ಎಂದು ಗೊತ್ತಾದದ್ದು ಹೀಗೇ.

ಆಟಿಕೆಗಳ ಬಗ್ಗೆಯೂ ನೀವು ಕೇಳಿದ್ದೀರಿ. ಪುಟ್ಟದಾಗಿದೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಆಟಿಕೆ ಎನ್ನಲು ನಾನು ಒಪ್ಪುವುದಿಲ್ಲ. ಪೂಜೆಯ ವಸ್ತುವೂ ಸಮಾಧಿಗಿಟ್ಟದ್ದೂ ಪುಟ್ಟದಿರಬಹುದು. ಹಿಡಿಯುವ ಭಾಗ ಅಳೆಯಿರಿ. ಅಮೆರಿಕದ ಒರೆಗಾನ್ ಕರಾವಳಿಯ ಪಾರ್-ಟೀ ನೆಲೆಯಲ್ಲಿ ತಿಮಿಂಗಿಲದ ಮೂಳೆಯಿಂದ ಮಾಡಿದ, ಈಟಿ ಎಸೆಯುವ ಕೋಲುಗಳು ಸಿಕ್ಕಿವೆ. ಅವುಗಳಲ್ಲಿ ಕೆಲವದರ ಹಿಡಿ ದೊಡ್ಡವರ ಕೈಗೆ ಸಾಲದು, ಮಗುವಿನ ಕೈಗೆ ಸರಿಹೊಂದುತ್ತದೆ. ಆಕಾರ ಮಾತ್ರ ದೊಡ್ಡವರ ಕೋಲಿನದೇ: ಮಗುವಿಗೆ ಅಭ್ಯಾಸ ಮಾಡಲೆಂದೇ ಅದರ ಕೈಯಳತೆಗೆ ಯಾರೋ ಮಾಡಿಕೊಟ್ಟದ್ದು.