‘ಸರ್ವರ್ ಇಲ್ಲ’ ಎಂಬ ಉತ್ತರಕ್ಕೆ ಒಂದು ಉತ್ತರ

ಶಿರಸಿ ತಾಲ್ಲೂಕಿನ ಘಟ್ಟದಂಚಿನ ಊರಿನಿಂದ ಹಿರಿಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಮನೆಯ ನಮೂನೆ 9ಕ್ಕಾಗಿ, ಅಂದರೆ ಪಂಚಾಯ್ತಿ ಕೊಡುವ ಆಸ್ತಿಯ ದಾಖಲೆಗಾಗಿ, ಅವರು ಪಂಚಾಯ್ತಿಗೆ ನಾಲ್ಕು ಸಲ ಅಲೆದರು. ಮೂರು ಸಲ ‘ಸರ್ವರ್ ಇಲ್ಲ’, ಒಂದು ಸಲ ಕರೆಂಟೇ ಇಲ್ಲ. ಅಷ್ಟರಲ್ಲಿ ಗ್ರಾಮಸಭೆಯೂ ಮುಗಿದುಹೋಗಿತ್ತು. ನೋಟಿಸು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಂದಿತ್ತಂತೆ. ಇವರ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. “ಇದು ಪಂಚಾಯ್ತಿಯೋ, ಕಂಪ್ಯೂಟರ್ ಅಂಗಡಿಯೋ?” ಎಂದು ಕೇಳಿದ್ದಾರೆ.

ಮಾನ್ಯರೇ,

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಮೊದಲೆಲ್ಲ ‘ಸಾಹೇಬ್ರು ಮೀಟಿಂಗಿಗೆ ಹೋಗಿದ್ದಾರೆ’ ಎನ್ನುತ್ತಿದ್ದರು. ಸಾಹೇಬರು ಸಂಜೆಗಾದರೂ ಬರುತ್ತಿದ್ದರು. ಸರ್ವರ್ ಯಾವಾಗ ಬರುತ್ತದೆ ಎಂದು ಯಾರನ್ನು ಕೇಳುವುದು?

ಆದರೂ ಕಂಪ್ಯೂಟರಿನ ಪರವಾಗಿ ಒಂದು ಮಾತು ಹೇಳಲೇಬೇಕು. ನಮೂನೆ 9, 11 ಕೈಬರಹದಲ್ಲಿ ಸಿಗುತ್ತಿದ್ದ ಕಾಲ ನಿಮಗೆ ನೆನಪಿರಬಹುದು. ಗದ್ದೆಯನ್ನೇ ಸೈಟು ಮಾಡಿ, ಒಂದು ಚೀಟಿ ಬರೆಸಿಕೊಂಡು ಮಾರಿದವರಿದ್ದರು. ತೆಗೆದುಕೊಂಡವರು ಮುಳುಗಿದರು. ಈ ನಮೂನೆಗಳನ್ನು ಕಂಪ್ಯೂಟರಿನಲ್ಲೇ ಕೊಡುವ ಇ-ಸ್ವತ್ತು ಬಂದದ್ದು ಅದನ್ನು ತಡೆಯಲಿಕ್ಕೆ. ಆ ಮಟ್ಟಿಗೆ ಒಳ್ಳೆಯದೇ ಆಯಿತು.

ತೊಂದರೆ ಇರುವುದು ಆ ವ್ಯವಸ್ಥೆ ಯಾವ ಊರನ್ನು ಕಣ್ಣ ಮುಂದಿಟ್ಟುಕೊಂಡಿದೆ ಎಂಬುದರಲ್ಲಿ. ಬಯಲುಸೀಮೆಯಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿರುತ್ತವೆ, ಸುತ್ತ ಹೊಲ. ಅಲ್ಲಿ ಗ್ರಾಮಠಾಣ, ಅಂದರೆ ಊರಿನ ಮನೆಗಳಿಗೆಂದು ಗುರುತಿಸಿದ ಜಾಗ, ಯಾವುದೆಂದು ಎಲ್ಲರಿಗೂ ಗೊತ್ತು. ನಮ್ಮಲ್ಲಿ ಹಾಗಲ್ಲವಲ್ಲ. ಒಂದು ಮನೆ ತೋಟದ ತಲೆಯಲ್ಲಿ, ಇನ್ನೊಂದು ಹಳ್ಳದಾಚೆ, ಮತ್ತೊಂದು ಬೆಟ್ಟದ ಬುಡದಲ್ಲಿ. ಎಷ್ಟೋ ಮನೆಗಳು ಅರಣ್ಯ ಅತಿಕ್ರಮಣದ ಜಾಗದಲ್ಲಿವೆ. ಅಲ್ಲಿ ಮೂರು ತಲೆಮಾರು ಬಾಳಿದ್ದರೂ ಕಂಪ್ಯೂಟರಿಗೆ ಆ ಮನೆ ಕಾಣುವುದಿಲ್ಲ. 2020ರಲ್ಲಿ ಬಂದ ಸ್ವಾಮಿತ್ವ ಯೋಜನೆ ಡ್ರೋನ್ ಹಾರಿಸಿ ಮನೆಯ ಜಾಗ ಅಳೆಯುತ್ತದೆ. ಅದೂ ಒತ್ತಾಗಿ ಮನೆಗಳಿರುವ ಊರಿಗೆ ಹೊಂದುವ ಲೆಕ್ಕವೇ. ಅಡಿಕೆ ಮರದ ತಲೆಯ ಮೇಲಿನಿಂದ ನೋಡಿದರೆ ಹೆಂಚು ಕಾಣಬೇಕಲ್ಲ! ಹಾಗಾಗಿ ನಿಮ್ಮ ನಾಲ್ಕು ಅಲೆದಾಟಕ್ಕೂ ಸರ್ವರೇ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ಮನೆ ಯಾವ ಕಲಮಿನಲ್ಲಿ ಕೂರುತ್ತದೆ ಎಂಬುದೇ ಅವರಿಗೆ ಬಗೆಹರಿದಿರಲಿಕ್ಕಿಲ್ಲ. ಹಾಗೆಂದು ಹೇಳುವುದಕ್ಕಿಂತ ‘ಸರ್ವರ್ ಇಲ್ಲ’ ಎನ್ನುವುದು ಸುಲಭ.

ಸಿಬ್ಬಂದಿಯ ಪಾಡೂ ಸುಖದ್ದಲ್ಲ. ಉದ್ಯೋಗ ಖಾತ್ರಿ ಕೆಲಸದಲ್ಲಿ ಕೂಲಿಯವರ ಫೋಟೋವನ್ನು ದಿನಕ್ಕೆ ಎರಡು ಸಲ ಆ್ಯಪಿನಲ್ಲಿ ತೆಗೆಯುವುದು 2023ರ ಜನವರಿಯಿಂದ ಕಡ್ಡಾಯವಾಯಿತು. ಜೊಯಿಡಾದ ಕಾಡಿನೊಳಗೆ ಇಂಗುಗುಂಡಿ ತೋಡುವವರಿಗೆ ಇದು ಏನಾಗಬಹುದು, ಊಹಿಸಿ. ಗುಂಡಿ ತೋಡುವುದಕ್ಕಿಂತ ಸಿಗ್ನಲ್ ಹುಡುಕಿ ಗುಡ್ಡ ಹತ್ತುವುದೇ ದೊಡ್ಡ ಕೆಲಸ.

ನನ್ನ ತಕರಾರು ಬೇರೆ. ಈ ಎಲ್ಲ ಫೋಟೋ, ಬಿಲ್ಲು, ಅಂಕಿಗಳು ಮೇಲಕ್ಕೆ ಹೋಗುತ್ತವೆ. ಬೆಂಗಳೂರಿಗೆ ಗೊತ್ತಾಗುತ್ತದೆ, ದಿಲ್ಲಿಗೆ ಗೊತ್ತಾಗುತ್ತದೆ. ಪಕ್ಕದ ಕೇರಿಯ ಕಾಲುಸಂಕಕ್ಕೆ ಎಷ್ಟು ಖರ್ಚಾಯಿತು ಎಂದು ಆ ಕೇರಿಯವರಿಗೇ ಗೊತ್ತಾಗುವುದಿಲ್ಲ. ಗ್ರಾಮಸಭೆ ಇರುವುದೇ ಅದಕ್ಕಲ್ವಾ? ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕೆಂದು 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಅದರ ಕರೆಯನ್ನು ವಾಟ್ಸ್‌ಆ್ಯಪಿನಲ್ಲಿ ಹಾಕಿ ಕೈತೊಳೆದುಕೊಂಡರೆ ಬರುವವರು ಯಾರು? ನಮ್ಮೂರಿನಲ್ಲಿ ಹೀಗೇ ಆಗಿ, ವೇದಿಕೆಯ ಮೇಲಿದ್ದವರೇ ಕೆಳಗೆ ಕುಳಿತವರಿಗಿಂತ ಜಾಸ್ತಿ ಇದ್ದರು. ಆ ಸಭೆಗೆ ನಾನೂ ತಡವಾಗಿ ಹೋದವನೇ, ಬಿಡಿ.

ಈಗ ನೀವು ಮಾಡಬಹುದಾದ್ದು. ಇ-ಗ್ರಾಮಸ್ವರಾಜ್ ಎಂಬ ಜಾಲತಾಣವಿದೆ. 2020ರ ಏಪ್ರಿಲ್ 24ರಂದು ಶುರುವಾಯಿತು. ಪಂಚಾಯ್ತಿಯ ವರ್ಷದ ಯೋಜನೆ, ಯಾವ ಕೆಲಸಕ್ಕೆ ಎಷ್ಟು ಹಣ ಎಂಬುದು ಅಲ್ಲಿ ಸಿಗುತ್ತದೆ. ನೋಡಲು ಪಾಸ್‌ವರ್ಡ್ ಬೇಕಿಲ್ಲ. ಹುಡುಕುವುದು ಸ್ವಲ್ಪ ತಲೆನೋವು, ಅದಕ್ಕೆ ಕಾಲೇಜಿಗೆ ಹೋಗುವ ಮೊಮ್ಮಗನನ್ನೋ ಪಕ್ಕದ ಮನೆಯ ಹುಡುಗಿಯನ್ನೋ ಕೂರಿಸಿಕೊಳ್ಳಿ. ನಿಮ್ಮ ಪಂಚಾಯ್ತಿಯ ಹಾಳೆಯನ್ನು ಪ್ರಿಂಟ್ ತೆಗೆಸಿ, ಹಾಲು ಡೇರಿಯ ಗೋಡೆಗೆ ಅಂಟಿಸಿ. ಬೆಳಿಗ್ಗೆ ಹಾಲು ಹಾಕಲು ಬಂದವರೆಲ್ಲ ಓದುತ್ತಾರೆ. ಮುಂದಿನ ಸಭೆಗೆ ಬೇರೆ ನೋಟಿಸು ಬೇಕಾಗುವುದಿಲ್ಲ.

ನಮೂನೆ 9ರ ವಿಷಯ. ಐದನೇ ಸಲ ಬಾಯಿಮಾತಿಗೆ ಒಪ್ಪಬೇಡಿ. ಅರ್ಜಿಯನ್ನು ಲಿಖಿತವಾಗಿ ಕೊಟ್ಟು, ತಾರೀಖು ಹಾಕಿದ ಸ್ವೀಕೃತಿ ಪಡೆಯಿರಿ. ಆಗುವುದಿಲ್ಲ ಎಂದರೆ ಯಾಕೆ ಎಂದು ಬರೆದುಕೊಡಲು ಹೇಳಿ. ‘ಸರ್ವರ್ ಇಲ್ಲ’ ಎಂದು ಸಹಿ, ಸೀಲು ಹಾಕಿ ಕೊಟ್ಟವರನ್ನು ನಾನಿನ್ನೂ ನೋಡಿಲ್ಲ. ನಿಮಗೆ ಅಂಥ ಕಾಗದ ಸಿಕ್ಕರೆ ನಮಗೊಂದು ಪ್ರತಿ ಕಳಿಸಿ, ಅಚ್ಚು ಹಾಕುತ್ತೇವೆ.

– ಸಂಪಾದಕ