667ನೆಯ ಸ್ಥಾನದಿಂದ ಶುರುಮಾಡಿ

ಪ್ರಿಯ ಲೇಖಕಿಯವರೇ, ನಮಸ್ಕಾರ.

ಪುಣೆಯಿಂದ ನೀವು ಕಳಿಸಿದ ‘ಬಿಸಿಗೆ ಬಗ್ಗದ ಕಿಣ್ವ’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ದಿನವೂ ಪಿಸಿಆರ್ (ಬಿಸಿಮಾಡಿ ತಣಿಸುವ ಸುತ್ತುಗಳಲ್ಲಿ ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಮಾಡುವವರೇ ಕನ್ನಡದಲ್ಲಿ ಬರೆಯುವುದು ಅಪರೂಪ, ಅದಕ್ಕೇ ಮುಲಾಜಿಲ್ಲದೆ ಹೇಳುತ್ತಿದ್ದೇನೆ.

ಮೊದಲ ಪುಟವೆಲ್ಲ ವಜ್ರೇಶ್ವರಿಯ ಬಿಸಿನೀರಿನ ಕುಂಡಕ್ಕೇ ಹೋಗಿದೆ. ಮುಂಬೈ ಕನ್ನಡಿಗರಿಗೆ ಆ ಜಾಗ ಪರಿಚಿತ, ನಿಜ. ಆದರೆ ಪಿಸಿಆರ್‌ನಲ್ಲಿ ಡಿಎನ್‌ಎ ನಕಲು ಮಾಡುವ ಟ್ಯಾಕ್ ಕಿಣ್ವದ ಮೂಲವಾದ ಬ್ಯಾಕ್ಟೀರಿಯ ಥರ್ಮಸ್ ಅಕ್ವಾಟಿಕಸ್ ಸಿಕ್ಕಿದ್ದು ಅಮೆರಿಕದ ಯೆಲ್ಲೋಸ್ಟೋನಿನಲ್ಲಿ. ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ 1969ರಲ್ಲಿ ಅದನ್ನು ವರದಿ ಮಾಡಿದರು. ಡೊಂಬಿವಲಿಯ ಲೋಕಲ್‌ನಲ್ಲಿ ನಿಂತು ಓದುವವರು ಟ್ಯಾಕ್ ಕಿಣ್ವ ವಜ್ರೇಶ್ವರಿಯದೇ ಅಂದುಕೊಂಡಾರು. ಆ ಪುಟ ತೆಗೆಯಿರಿ.

ದೊಡ್ಡ ತಕರಾರು ಬೇರೆ ಇದೆ. ‘ರೂಪಾಂತರಗಳ (ಜೀನ್‌ನಲ್ಲಿ ಮಾಡುವ ಬದಲಾವಣೆಗಳ) ಮೂಲಕ ಕಿಣ್ವಕ್ಕೆ ಶಾಖ ತಾಳುವ ಶಕ್ತಿ ತಂದರು’ ಎಂದು ಬರೆದಿದ್ದೀರಿ. ಟ್ಯಾಕ್‌ಗೆ ಆ ಶಕ್ತಿ ಹುಟ್ಟಿನಿಂದಲೇ ಇದೆ. 95 ಡಿಗ್ರಿಯಲ್ಲಿ ಅದರ ಚಟುವಟಿಕೆ ಅರ್ಧಕ್ಕಿಳಿಯಲು ಸುಮಾರು 40 ನಿಮಿಷ ಬೇಕು. ಇ. ಕೋಲಿ ಬ್ಯಾಕ್ಟೀರಿಯದ ಕಿಣ್ವ ಬಳಸುತ್ತಿದ್ದಾಗ ಅದು ಬಿಸಿಗೆ ಕೆಡುತ್ತಿದ್ದರಿಂದ ಪ್ರತಿ ಸುತ್ತಿಗೂ ಹೊಸದಾಗಿ ಹಾಕಬೇಕಿತ್ತು, ಆ ತಾಪತ್ರಯ ಟ್ಯಾಕ್‌ನಿಂದ ತಪ್ಪಿತು. ಶಾಖ ತಾಳಿಕೆಯನ್ನು ಇನ್ನಷ್ಟು ಹೆಚ್ಚಿಸಿದ್ದೂ ಉಂಟು: ಕಿಣ್ವದ ಸರಪಳಿಯ ಮೊದಲ 289 ಅಮೈನೋ ಆಮ್ಲಗಳನ್ನು (ಪ್ರೊಟೀನಿನ ಬಿಡಿ ಕೊಂಡಿಗಳನ್ನು) ಕತ್ತರಿಸಿದರೆ ಉಳಿದ ತುಂಡು ಇನ್ನೂ ಹೆಚ್ಚು ಹೊತ್ತು ಬಾಳುತ್ತದೆ, ಆದರೆ ಡಿಎನ್‌ಎ ಎಳೆಯ ಮೇಲಿನ ಹಿಡಿತ ಸಡಿಲವಾಗುತ್ತದೆ. ಒಂದು ಗುಣ ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕಾದ ಈ ಸಂಕಟ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ನಿಮ್ಮ ನಿಜವಾದ ಕಥೆ ನಾಲ್ಕನೆಯ ಪುಟದಲ್ಲಿ ಒಂದೇ ವಾಕ್ಯವಾಗಿ ಅಡಗಿದೆ: ‘ಟ್ಯಾಕ್ ಸರಪಳಿಯ 667ನೆಯ ಸ್ಥಾನದಲ್ಲಿ ಫಿನೈಲ್‌ಅಲನೈನ್ ತೆಗೆದು ಟೈರೋಸಿನ್ ಇಟ್ಟರು.’ ಅಲ್ಲಿ ಯಾಕೆ ನಿಲ್ಲಲಿಲ್ಲ? ಈ ಎರಡು ಅಮೈನೋ ಆಮ್ಲಗಳಿಗಿರುವ ವ್ಯತ್ಯಾಸ ಒಂದೇ ಒಂದು ಆಮ್ಲಜನಕದ ಪರಮಾಣು. ಬೆಳೆಯುತ್ತಿರುವ ಡಿಎನ್‌ಎ ಸರಪಳಿಯನ್ನು ಅಲ್ಲಿಗೇ ನಿಲ್ಲಿಸುವ ಡೈಡಿಯಾಕ್ಸಿ ನ್ಯೂಕ್ಲಿಯೋಟೈಡ್‌ಗಳನ್ನು (ಡಿಎನ್‌ಎ ಅನುಕ್ರಮ ಓದಲು ಬಳಸುವ, ಮಾರ್ಪಡಿಸಿದ ಡಿಎನ್‌ಎ ಕೊಂಡಿಗಳನ್ನು) ಮೂಲ ಟ್ಯಾಕ್ ದೂರವೇ ಇಡುತ್ತದೆ. ಆ ಒಂದು ಪರಮಾಣು ಸೇರಿದ್ದೇ ತಡ, ತಾರತಮ್ಯ ನೂರಾರು, ಸಾವಿರಾರು ಪಟ್ಟು ಕುಸಿಯಿತು. ಸ್ಟ್ಯಾನ್ಲಿ ಟೇಬರ್ ಮತ್ತು ಚಾರ್ಲ್ಸ್ ರಿಚರ್ಡ್‌ಸನ್ 1995ರಲ್ಲಿ ಇದನ್ನು ತೋರಿಸಿದರು. ಅವರು ಅಂದಾಜಿಗೆ ಕೈಹಾಕಿದ್ದಲ್ಲ. ಟಿ7 ವೈರಸ್‌ನ ಪಾಲಿಮರೇಸ್ (ಡಿಎನ್‌ಎ ನಕಲು ಮಾಡುವ ಕಿಣ್ವ) ಆ ನ್ಯೂಕ್ಲಿಯೋಟೈಡ್‌ಗಳನ್ನು ಸಲೀಸಾಗಿ ಸ್ವೀಕರಿಸುತ್ತಿತ್ತು, ಅದರಲ್ಲಿ ಆ ಜಾಗದಲ್ಲಿ ಇದ್ದದ್ದು ಟೈರೋಸಿನ್. ಈ ಬದಲಾವಣೆಯಿಂದ ಡಿಎನ್‌ಎ ಅನುಕ್ರಮ ಓದುವಾಗ ಸಂಕೇತಗಳು ಹೆಚ್ಚು ಸಮನಾಗಿ ಬರತೊಡಗಿದವು. ಇಷ್ಟನ್ನು ಬಿಡಿಸಿ ಬರೆದರೆ ಸಾಕು, ‘ಅದ್ಭುತ’, ‘ಕ್ರಾಂತಿಕಾರಿ’ ಪದಗಳು ಬೇಕಾಗುವುದಿಲ್ಲ.

ಇನ್ನೊಂದು ಗೊಂದಲ. ಗುರಿಯಿಟ್ಟು ಮಾಡಿದ ರೂಪಾಂತರವನ್ನೂ, ಮನಬಂದಂತೆ ರೂಪಾಂತರಿಸಿ ಉತ್ತಮವಾದದ್ದನ್ನು ಆರಿಸುವ ವಿಧಾನವನ್ನೂ ಒಂದೇ ಎಂಬಂತೆ ಬರೆದಿದ್ದೀರಿ. ಎರಡನೆಯದು ಪ್ರತ್ಯೇಕ ಲೇಖನಕ್ಕೆ ಇರಲಿ.

ಪಿಸಿಆರ್ ಕಂಡುಹಿಡಿದ ಕ್ಯಾರಿ ಮುಲ್ಲಿಸ್‌ಗೆ ಮೂರು ಪ್ಯಾರಾ ಕೊಟ್ಟಿರಿ. 1993ರ ರಸಾಯನಶಾಸ್ತ್ರ ನೊಬೆಲ್ ಅನ್ನು ಅವರ ಜೊತೆ ಹಂಚಿಕೊಂಡ ಮೈಕೇಲ್ ಸ್ಮಿತ್ ಹೆಸರೇ ಇಲ್ಲ. ಡಿಎನ್‌ಎಯಲ್ಲಿ ಬೇಕಾದ ಕಡೆಯೇ ಬದಲಾವಣೆ ಮಾಡುವ ವಿಧಾನ ಸ್ಮಿತ್ ಅವರದು. ನಿಮ್ಮ ವಿಷಯ ನಿಂತಿರುವುದೇ ಅದರ ಮೇಲೆ.

ಮತ್ತೆ ಬರೆಯಿರಿ, ಅರ್ಧಕ್ಕಿಳಿಸಿ. ಫಿನೈಲ್‌ಅಲನೈನ್ ಮತ್ತು ಟೈರೋಸಿನ್ ರಚನೆಗಳನ್ನು ಪಕ್ಕಪಕ್ಕ ಕೈಯಲ್ಲೇ ಬಿಡಿಸಿ ಜೊತೆಗೆ ಕಳಿಸಿ. ಅದನ್ನು ಲೇಖನದ ಮೊದಲ ಪುಟದಲ್ಲೇ ಹಾಕುತ್ತೇವೆ.

ಇಂತಿ,
ಸಂಪಾದಕ, ಮಾಟುಂಗಾ, ಮುಂಬೈ